ಕೌನ್ಸೆಲಿಂಗ್‌ಗೆ ಹೋದರೆ ಮಾಜಿ ಸೈನಿಕರ ಪಿಂಚಣಿ ನಿಲ್ಲುತ್ತದೆಯೇ? ಪಶ್ಚಿಮ ಬೆಂಗಳೂರಿನ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಚುಟುಕಾಗಿ

ಮಾಜಿ ಸೈನಿಕರು ಮನೋವೈದ್ಯರನ್ನು ಕಂಡರೆ ಪಿಂಚಣಿಗೆ ಕುತ್ತು ಬರುತ್ತದೆ, ವಿಷಯ ಊರಿಗೆಲ್ಲ ಗೊತ್ತಾಗುತ್ತದೆ ಎಂಬ ಮಾತು ವಾಟ್ಸ್‌ಆ್ಯಪ್ ಗ್ರೂಪುಗಳಲ್ಲೂ ಮನೆಮಾತಿನಲ್ಲೂ ಓಡಾಡುತ್ತಿರುತ್ತದೆ. ಇದು ತಪ್ಪು. ಚಿಕಿತ್ಸೆ ಪಡೆದ ಕಾರಣಕ್ಕೆ ಪಿಂಚಣಿ ನಿಲ್ಲುವುದಿಲ್ಲ. ನಿಮ್ಮ ಮಾಹಿತಿಯನ್ನು ಗುಟ್ಟಾಗಿಡಬೇಕೆಂದು ಕಾನೂನೇ ಹೇಳುತ್ತದೆ. ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿ ಕಡೆಯವರು ಮನೆಯಿಂದಲೇ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿ ಮಾತನಾಡಬಹುದು. ಉಳಿದ ವಿವರ ಕೆಳಗಿದೆ.

ಪಿಂಚಣಿ ಯಾವಾಗ ನಿಲ್ಲುತ್ತದೆ?

ಪಿಂಚಣಿ ಸಿಗುವುದು ಸಲ್ಲಿಸಿದ ಸೇವೆಗೆ. ಗಂಭೀರ ಅಪರಾಧದಲ್ಲಿ ಶಿಕ್ಷೆಯಾದರೆ ಅಥವಾ ಘೋರ ದುರ್ನಡತೆ ಸಾಬೀತಾದರೆ ಅದನ್ನು ತಡೆಹಿಡಿಯಲು ನಿಯಮದಲ್ಲಿ ಅವಕಾಶವಿದೆ. ಕಾಯಿಲೆಗೆ ಔಷಧಿ ತೆಗೆದುಕೊಳ್ಳುವುದು ಈ ಎರಡರಲ್ಲಿ ಯಾವುದೂ ಅಲ್ಲ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗಿದರೆ ಪಿಂಚಣಿ ನಿಲ್ಲದಿರುವಂತೆ ಖಿನ್ನತೆಗೆ ನುಂಗಿದರೂ ನಿಲ್ಲುವುದಿಲ್ಲ.

ಸಾಮಾನ್ಯವಾಗಿ ಪಿಂಚಣಿ ತಡೆಯಾಗುವುದು ವರ್ಷಕ್ಕೊಮ್ಮೆ ಕೊಡಬೇಕಾದ ಜೀವನ ಪ್ರಮಾಣಪತ್ರವನ್ನು ಕೊಡದಿದ್ದಾಗ. ರಕ್ಷಣಾ ಪಿಂಚಣಿಗಳು ಈಗ ‘ಸ್ಪರ್ಶ್’ ವ್ಯವಸ್ಥೆಯಲ್ಲಿವೆ. ಅಲ್ಲಿ ಈ ಗುರುತು ದೃಢೀಕರಣ ಆಗದಿದ್ದರೆ ಹಣ ಬರುವುದು ನಿಲ್ಲುತ್ತದೆ, ದೃಢೀಕರಿಸಿದ ಮೇಲೆ ಮತ್ತೆ ಶುರುವಾಗುತ್ತದೆ. ಖಿನ್ನತೆ ಬಂದವರು ಇಂಥ ಕೆಲಸಗಳನ್ನೇ ಮುಂದೂಡುತ್ತಾರೆ. ಬ್ಯಾಂಕಿಗೆ ಹೋಗುವುದಿಲ್ಲ, ಮೆಸೇಜ್ ಓದುವುದಿಲ್ಲ, ಕಾಗದಪತ್ರ ತೆಗೆಯುವುದಿಲ್ಲ. ಹಾಗಾಗಿ ಪಿಂಚಣಿ ಉಳಿಯಬೇಕೆಂದರೆ ಚಿಕಿತ್ಸೆ ತಪ್ಪಿಸುವುದಕ್ಕಿಂತ ಚಿಕಿತ್ಸೆ ಪಡೆಯುವುದೇ ಮೇಲು.

ವಿಷಯ ಹೊರಗೆ ಹೋಗುತ್ತದೆಯೇ?

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017, 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 23ನೇ ಸೆಕ್ಷನ್ ಪ್ರಕಾರ ಚಿಕಿತ್ಸೆಯ ಮಾಹಿತಿಯನ್ನು ಗೌಪ್ಯವಾಗಿಡುವುದು ವೈದ್ಯರ ಮತ್ತು ಆಪ್ತಸಮಾಲೋಚಕರ ಹೊಣೆ. ಇದಕ್ಕೆ ಕೆಲವು ವಿನಾಯಿತಿಗಳಿವೆ. ಯಾರದಾದರೂ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ ಅಥವಾ ಚಿಕಿತ್ಸೆಗೆ ಮತ್ತೊಬ್ಬ ವೈದ್ಯರ ನೆರವು ಬೇಕಾದಾಗ ಅಗತ್ಯವಿರುವಷ್ಟನ್ನು ಹೇಳಬಹುದು. ನೆಂಟರಿಗೆ, ನೆರೆಯವರಿಗೆ, ಮಗಳನ್ನು ನೋಡಲು ಬರುವ ಬೀಗರಿಗೆ ಹೇಳುವಂತಿಲ್ಲ.

ನಿವೃತ್ತಿಯ ನಂತರ ಬ್ಯಾಂಕಿನಲ್ಲೋ ಎಟಿಎಂ ಹಣ ಸಾಗಿಸುವ ವಾಹನದಲ್ಲೋ ಗನ್‌ಮ್ಯಾನ್ ಆಗಿರುವವರಿಗೆ ಇನ್ನೊಂದು ಚಿಂತೆ ಇರುತ್ತದೆ. ಬಂದೂಕಿನ ಪರವಾನಗಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕು ಎಂಬುದು ನಿಜ. ಆದರೆ ಮನಸ್ಸು ಕುಸಿದಿರುವ ದಿನಗಳಲ್ಲಿ ಬಂದೂಕು ಕೈಗೆಟುಕುವಂತಿರುವುದು ಕೆಲಸ ಹೋಗುವುದಕ್ಕಿಂತ ದೊಡ್ಡ ಅಪಾಯ. ಸ್ವಂತ ಬಂದೂಕಿದ್ದರೆ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಇರುವ ಡೀಲರ್ ಬಳಿ ಸ್ವಲ್ಪ ಕಾಲ ಠೇವಣಿ ಇಡಬಹುದು. ಬಂದೂಕಿಲ್ಲದ ಪಾಳಿ ಕೇಳಬಹುದು. ಚಿಕಿತ್ಸೆಯಿಂದ ಹೆಚ್ಚಿನವರು ಸುಧಾರಿಸುತ್ತಾರೆ.

‘ಗಡಿ ಕಾದವರಿಗೆ ಇದೆಲ್ಲ ಬರುವುದಿಲ್ಲ’ ಎನ್ನುವುದು ಸರಿಯೇ?

ಸರಿಯಲ್ಲ. ಜೀವಕ್ಕೆ ಎರವಾಗುವ ಘಟನೆಯನ್ನು ಕಂಡವರಲ್ಲಿ ಕೆಲವರಿಗೆ ಪಿಟಿಎಸ್‌ಡಿ ಎಂಬ ತೊಂದರೆ ಬರುತ್ತದೆ. ನಡೆದದ್ದು ಕಣ್ಣ ಮುಂದೆ ಮತ್ತೆ ಮತ್ತೆ ಬರುವುದು, ಕೆಟ್ಟ ಕನಸು, ಪಟಾಕಿ ಸದ್ದಿಗೂ ಬೆಚ್ಚುವುದು, ಅದನ್ನು ನೆನಪಿಸುವ ಜಾಗ ಮತ್ತು ಜನರಿಂದ ದೂರ ಉಳಿಯುವುದು ಇದರ ಲಕ್ಷಣಗಳು. ಜಗತ್ತಿನ ಜನರಲ್ಲಿ ಸುಮಾರು ಶೇ. 3.9ರಷ್ಟು ಮಂದಿ ಬದುಕಿನ ಯಾವುದೋ ಹಂತದಲ್ಲಿ ಇದನ್ನು ಅನುಭವಿಸಿದ್ದಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಆಘಾತ ಕಂಡ ಎಲ್ಲರಿಗೂ ಇದು ಬರುವುದಿಲ್ಲ. ಬಂದರೆ ಅದು ಧೈರ್ಯದ ಕೊರತೆಯೂ ಅಲ್ಲ. ಮಾತಿನ ಮೂಲಕ ಕೊಡುವ ವಿಶೇಷ ಚಿಕಿತ್ಸೆಗಳಿಗೂ ಕೆಲವು ಔಷಧಿಗಳಿಗೂ ಇದು ಸ್ಪಂದಿಸುತ್ತದೆ.

ಎಲ್ಲ ಸಂಕಟವೂ ಯುದ್ಧದಿಂದಲೇ ಬರಬೇಕೆಂದಿಲ್ಲ. ಜವಾನರಲ್ಲಿ ಬಹಳಷ್ಟು ಮಂದಿ ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗುತ್ತಾರೆ. ಅಲ್ಲಿಯವರೆಗೆ ಸಮವಸ್ತ್ರ, ಪದವಿ, ಜೊತೆಗಾರರು, ಬೆಳಗಿನ ಪಿ.ಟಿ. ಎಲ್ಲವೂ ಇತ್ತು. ಒಂದು ದಿನ ಎಲ್ಲವೂ ಮುಗಿಯುತ್ತದೆ. ಮನೆಯಲ್ಲಿ ಹೆಂಡತಿ ಒಬ್ಬರೇ ಸಂಸಾರ ತೂಗಿಸಿ ಅಭ್ಯಾಸವಾಗಿರುತ್ತದೆ, ಮಕ್ಕಳು ದೊಡ್ಡವರಾಗಿರುತ್ತಾರೆ. ತನ್ನ ಮನೆಯಲ್ಲಿ ತಾನೇ ಅತಿಥಿ ಎನಿಸುವುದು, ಸಣ್ಣದಕ್ಕೂ ಸಿಡುಕುವುದು, ನಿದ್ದೆ ಕೆಡುವುದು ಆಗ ಶುರುವಾಗಬಹುದು. ಎರಡು ವಾರಕ್ಕೂ ಹೆಚ್ಚು ಕಾಲ ಬೇಸರ, ನಿರಾಸಕ್ತಿ, ನಿದ್ದೆಯ ತೊಂದರೆ ಹಾಗೇ ಉಳಿದರೆ ಯಾರನ್ನಾದರೂ ಕಾಣುವುದು ಒಳ್ಳೆಯದು. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಸುಮಾರು ಶೇ. 10.6 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಬಹುಪಾಲು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಊಟದಲ್ಲಿ ಪುಡಿ ಬೆರೆಸಿ ಕುಡಿತ ಬಿಡಿಸಬಹುದೇ?

ಬೇಡ. ಗೊತ್ತಾಗದಂತೆ ಸಾರಿಗೋ ಕಾಫಿಗೋ ಬೆರೆಸಿ ಕುಡಿತ ಬಿಡಿಸುವ ಪುಡಿಗಳ ಜಾಹೀರಾತು ಆಗಾಗ ಫಾರ್ವರ್ಡ್ ಆಗುತ್ತದೆ. ಇಂಥ ಪುಡಿಗಳಲ್ಲಿ ಏನಿರುತ್ತದೆ ಎಂಬುದಕ್ಕೆ ಖಾತ್ರಿಯಿಲ್ಲ. ಅದರಲ್ಲಿ ಡೈಸಲ್ಫಿರಾಮ್ ಎಂಬ ಔಷಧಿ ಇದ್ದು, ಅದರ ಮೇಲೆ ಮದ್ಯ ಬಿದ್ದರೆ ವಾಂತಿ, ಎದೆಬಡಿತ, ರಕ್ತದೊತ್ತಡ ಕುಸಿತ ಆಗಿ ಪ್ರಾಣಕ್ಕೇ ಅಪಾಯವಾಗಬಹುದು. ರೋಗಿಗೆ ತಿಳಿಸದೆ ಆ ಔಷಧಿಯನ್ನು ಕೊಡಲೇಬಾರದು.

ವರ್ಷಗಟ್ಟಲೆ ದಿನವೂ ಹೆಚ್ಚು ಕುಡಿದವರು ಒಮ್ಮೆಲೇ ನಿಲ್ಲಿಸುವುದೂ ಅಪಾಯವೇ. ಮೊದಲ ಕೆಲವು ದಿನಗಳಲ್ಲಿ ಕೈನಡುಕ, ಫಿಟ್ಸ್, ತಲೆ ಗೊಂದಲವಾಗಿ ಇಲ್ಲದ್ದು ಕಾಣಿಸುವುದು ಆಗಬಹುದು. ಆದ್ದರಿಂದ ವೈದ್ಯರ ನಿಗಾದಲ್ಲೇ ಬಿಡಬೇಕು. ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ವ್ಯಸನ ಚಿಕಿತ್ಸಾ ವಿಭಾಗವಿದೆ. ವ್ಯಸನಮುಕ್ತಿಗಾಗಿ ರಾಷ್ಟ್ರೀಯ ಸಹಾಯವಾಣಿ 14446.

ನಮ್ಮ ಕಡೆಯವರು ಎಲ್ಲಿಗೆ ಹೋಗಬೇಕು?

ಸೇನೆಯ ಹಳೆಯ ಕೇಂದ್ರಗಳಲ್ಲಿ ಹಲವು ಹಲಸೂರು, ಹಳೆ ವಿಮಾನ ನಿಲ್ದಾಣ ರಸ್ತೆಯ ಕಡೆ ಇವೆ. ಪಶ್ಚಿಮದವರಿಗೆ ದೂರ ಎನ್ನುವುದೂ ಒಂದು ನೆಪವಾಗುತ್ತದೆ. ಹೀಗೆ ಶುರುಮಾಡಿ.

1. ಫೋನ್: ಟೆಲಿ ಮಾನಸ್, 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಗೆ ನಿಮ್ಹಾನ್ಸ್ ಕೇಂದ್ರ ಸಂಸ್ಥೆ. ದಿನದ 24 ಗಂಟೆಯೂ ಉಚಿತ. ಹೆಸರುವಾಸಿ ಆಸ್ಪತ್ರೆಯ ಕ್ಯೂ ಇಲ್ಲ, ಯಾರೂ ನೋಡುವುದಿಲ್ಲ. ಹೆಂಡತಿ, ಮಕ್ಕಳು, ಅಪ್ಪ-ಅಮ್ಮ ಕೂಡ ಮಾಡಬಹುದು. ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬಗಳಿಗಾಗಿ 2023ರ ಡಿಸೆಂಬರ್ 1ರಂದು ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಇದರ ವಿಶೇಷ ಘಟಕವೂ ಶುರುವಾಯಿತು.

2. ಇಸಿಎಚ್‌ಎಸ್ ಕಾರ್ಡ್ ಇದ್ದವರು: 2003ರ ಏಪ್ರಿಲ್ 1ರಿಂದ ಇರುವ ಈ ಆರೋಗ್ಯ ಯೋಜನೆಯಲ್ಲಿ ಮನೋವೈದ್ಯಕೀಯವೂ ಸೇರಿದೆ. ಪಾಲಿಕ್ಲಿನಿಕ್ ವೈದ್ಯರಿಗೆ ಹೇಳಿದರೆ ಸೇನಾ ಆಸ್ಪತ್ರೆಗೋ ನೋಂದಾಯಿತ ಆಸ್ಪತ್ರೆಗೋ ರೆಫರಲ್ ಕೊಡುತ್ತಾರೆ. ಹೆಂಡತಿ ಮತ್ತು ಅವಲಂಬಿತ ಮಕ್ಕಳಿಗೂ ಇದು ಅನ್ವಯ.

3. ಕಾರ್ಡ್ ಇಲ್ಲದವರು: ವಿಕ್ಟೋರಿಯಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ ಹೋಗಬಹುದು. ರಾಜಾಜಿನಗರದಿಂದ ಹಸಿರು ಮಾರ್ಗದ ಮೆಟ್ರೊದಲ್ಲಿ ಕೆ.ಆರ್. ಮಾರುಕಟ್ಟೆಗೆ ನೇರ ಸಂಪರ್ಕವಿದೆ, ಕೆಂಗೇರಿ ಮತ್ತು ವಿಜಯನಗರದವರು ಮೆಜೆಸ್ಟಿಕ್‌ನಲ್ಲಿ ರೈಲು ಬದಲಿಸಬೇಕು. ಹೊಸೂರು ರಸ್ತೆಯ ನಿಮ್ಹಾನ್ಸ್ ಎಲ್ಲರಿಗೂ ತೆರೆದಿದೆ. ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಬೇಕಿದ್ದರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿದ ಪ್ರಯೋಗವೇ ಮುಂದೆ 1996ರಲ್ಲಿ ದೇಶಕ್ಕೆ ಮಾದರಿಯಾಯಿತು.

ಗಮನಿಸಿ: ಬಿಎಸ್‌ಎಫ್, ಸಿಆರ್‌ಪಿಎಫ್‌ನಂಥ ಪಡೆಗಳು ಗೃಹ ಸಚಿವಾಲಯದ ಅಡಿಯಲ್ಲಿವೆ, ಅವರಿಗೆ ಇಸಿಎಚ್‌ಎಸ್ ಇಲ್ಲ. 2022ರ ಯೋಜನೆಯ ಷರತ್ತಿನಂತೆ ನಾಲ್ಕೇ ವರ್ಷ ಸೇವೆ ಮುಗಿಸಿ ಬರುವ ಅಗ್ನಿವೀರರಿಗೂ ಇಲ್ಲ. ಆದರೆ ಮೊದಲನೆಯ ಮತ್ತು ಮೂರನೆಯ ದಾರಿ ಇವರಿಗೂ ತೆರೆದೇ ಇದೆ.

ಹಣ, ಕಾಗದಪತ್ರ, ಕಾನೂನಿನ ನೆರವು

ಎಷ್ಟೋ ಸಲ ಮನಸ್ಸಿನ ಭಾರದ ಹಿಂದೆ ಸಾಲ, ಜಮೀನು ವ್ಯಾಜ್ಯ, ಬಾರದ ಪಿಂಚಣಿ ಇರುತ್ತದೆ. ಅದಕ್ಕೆ ಮಾತ್ರೆಯೊಂದೇ ಸಾಲದು.

ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯು ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ರಸ್ತೆಯಲ್ಲಿರುವ, ಅಂದರೆ ಹಳೆಯ ರೆಸಿಡೆನ್ಸಿ ರಸ್ತೆಯಲ್ಲಿರುವ ಕಾರ್ಯಪ್ಪ ಭವನದಲ್ಲಿದೆ. ವಿಜಯನಗರ, ಕೆಂಗೇರಿಯಿಂದ ನೇರಳೆ ಮಾರ್ಗದಲ್ಲಿ ಎಂ.ಜಿ. ರಸ್ತೆಗೆ ಬಂದು ಆಟೊ ಹಿಡಿಯಬಹುದು. ಮಾಜಿ ಸೈನಿಕರ ಹಾಗೂ ವೀರನಾರಿಯರ ಗುರುತಿನ ಚೀಟಿ, ಸಹಾಯಧನದ ಅರ್ಜಿಗಳು ಸೈನಿಕ ಕಲ್ಯಾಣ ಕಚೇರಿಗಳ ಮೂಲಕವೇ ನಡೆಯುತ್ತವೆ.

ಪಿಂಚಣಿ ಇಲ್ಲದ, 65 ದಾಟಿದ, ನಿಯಮಿತ ಆದಾಯವಿಲ್ಲದ ಮಾಜಿ ಸೈನಿಕರಿಗೆ ಮತ್ತು ಅವರ ವಿಧವೆಯರಿಗೆ ಕೇಂದ್ರದಿಂದ ಸಿಗುವ ನೆರವನ್ನು 2025ರ ನವೆಂಬರ್ 1ರಿಂದ ತಿಂಗಳಿಗೆ 4,000 ರೂಪಾಯಿಯಿಂದ 8,000ಕ್ಕೆ ಏರಿಸಲಾಗಿದೆ. ಅರ್ಹ ಕುಟುಂಬದ ಇಬ್ಬರು ಮಕ್ಕಳವರೆಗೆ ಓದಿಗೆ ತಿಂಗಳಿಗೆ ತಲಾ 2,000, ಇಬ್ಬರು ಹೆಣ್ಣುಮಕ್ಕಳವರೆಗೆ ಮದುವೆಗೆ ತಲಾ 1 ಲಕ್ಷ ರೂಪಾಯಿ ನೆರವಿದೆ. ಇದಕ್ಕೆಲ್ಲ ಅರ್ಜಿ ಹಾಕಬೇಕು, ತಾನಾಗಿ ಬರುವುದಿಲ್ಲ.

ಕಾನೂನಿನ ತೊಡಕಿಗೆ ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರವು 2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸದಂದು, ‘ವೀರ ಪರಿವಾರ ಸಹಾಯತಾ ಯೋಜನೆ’ಯನ್ನು ಆರಂಭಿಸಿತು. ಸೈನಿಕರಿಗೆ, ಮಾಜಿ ಸೈನಿಕರಿಗೆ, ಅವರ ಮನೆಯವರಿಗೆ ಉಚಿತ ಕಾನೂನು ನೆರವು ಕೊಡುವುದು ಇದರ ಉದ್ದೇಶ. ಸಹಾಯವಾಣಿ 15100.

ಮಾನಸಿಕ ಅಂಗವೈಕಲ್ಯವಿದ್ದು ಸ್ವಂತವಾಗಿ ದುಡಿಯಲಾಗದ ಮಗುವಿಗೆ ತಂದೆ-ತಾಯಿಯ ನಂತರ ಜೀವನಪರ್ಯಂತ ಕುಟುಂಬ ಪಿಂಚಣಿಗೆ ಅವಕಾಶವಿದೆ. ಆದರೆ ಕಾಯಿಲೆಯನ್ನು ಮುಚ್ಚಿಟ್ಟರೆ ದಾಖಲೆ ಹುಟ್ಟುವುದಿಲ್ಲ. ದಾಖಲೆ ಇಲ್ಲದಿದ್ದರೆ ಆ ಮಗುವಿನ ಹಕ್ಕೇ ತಪ್ಪಿಹೋಗಬಹುದು. ಪಿಂಚಣಿಗೆ ತೊಂದರೆ ಎಂದು ಹೆದರಿ ಸುಮ್ಮನಿರುವ ಕುಟುಂಬಗಳು ಈ ಮಾತನ್ನು ಮುಖ್ಯವಾಗಿ ಗಮನಿಸಬೇಕು.

ತುರ್ತಿನಲ್ಲಿ ಏನು ಮಾಡಬೇಕು?

‘ಸಾಯುವ ಯೋಚನೆ ಬರುತ್ತಿದೆಯಾ?’ ಎಂದು ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ಹಾಕಿದಂತೆ ಎಂದು ಹಲವರು ನಂಬುತ್ತಾರೆ. ಇದೂ ತಪ್ಪು. ನೇರವಾಗಿ, ಸಮಾಧಾನದಿಂದ ಕೇಳಿದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಎಂದರೆ ಒಬ್ಬರನ್ನೇ ಬಿಡಬೇಡಿ. ಬಂದೂಕು, ಕೀಟನಾಶಕ, ಹೆಚ್ಚಿನ ಮಾತ್ರೆಗಳನ್ನು ದೂರ ಇಡಿ. 14416ಕ್ಕೆ ಕರೆ ಮಾಡಿ. ಪ್ರಾಣಾಪಾಯ ಇದ್ದರೆ 112ಕ್ಕೆ ಕರೆ ಮಾಡಿ ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಪೊಲೀಸ್ ಕೇಸಿಗೆ ಹೆದರಿ ತಡಮಾಡಬೇಡಿ. 2017ರ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಒದಗಿಸುವುದು ಸರ್ಕಾರದ ಕರ್ತವ್ಯ.

ಕೊನೆಯದಾಗಿ

ಚಿಕಿತ್ಸೆಯಿಂದ ಪಿಂಚಣಿ ಹೋಗುತ್ತದೆ ಎಂಬ ಮೆಸೇಜ್ ಬಂದರೆ ಮುಂದಕ್ಕೆ ಕಳಿಸಬೇಡಿ. ಅದರ ಬದಲು ಈ ನಾಲ್ಕು ನಂಬರ್ ಕಳಿಸಿ: ಮನಸ್ಸಿನ ತೊಂದರೆಗೆ 14416, ಕುಡಿತ ಬಿಡಲು 14446, ಕಾನೂನಿನ ನೆರವಿಗೆ 15100, ತುರ್ತಿಗೆ 112. ನಿಮ್ಮ ಬೀದಿಯಲ್ಲಿ ಮಾಜಿ ಸೈನಿಕರ ಮನೆಯಿದ್ದರೆ ಫಾರ್ವರ್ಡ್ ಮಾಡಿ ಸುಮ್ಮನಾಗದೆ ಒಮ್ಮೆ ಹೋಗಿ ಮಾತನಾಡಿಸಿ ಬನ್ನಿ.