ಅಕ್ಕಡಿ ಸಾಲಿನ ಎಣ್ಣೆಕಾಳು: ದೊಡ್ಡಬೆಳವಂಗಲ ಹೋಬಳಿಯ ಪೂರೈಕೆ ಲೆಕ್ಕವನ್ನು ಕುರಿತು

1. ವ್ಯಾಪ್ತಿ

ದೊಡ್ಡಬಳ್ಳಾಪುರ ತಾಲ್ಲೂಕಿನ ಐದು ಹೋಬಳಿಗಳಲ್ಲಿ (ಕಸಬಾ, ದೊಡ್ಡಬೆಳವಂಗಲ, ಮಧುರೆ, ಸಾಸಲು, ತೂಬಗೆರೆ) ದೊಡ್ಡಬೆಳವಂಗಲ ಒಂದು. ಕೃಷಿ ಹವಾಮಾನ ವಿಂಗಡಣೆಯಲ್ಲಿ ಇದು ಪೂರ್ವ ಒಣ ವಲಯಕ್ಕೆ ಸೇರಿದ ಖುಷ್ಕಿ ಸೀಮೆ. ಮುಖ್ಯ ಬೆಳೆ ರಾಗಿ. ಹುಚ್ಚೆಳ್ಳು, ಸಾಸಿವೆ, ಹರಳು ಇವು ಇಲ್ಲಿ ಹೆಚ್ಚಾಗಿ ರಾಗಿ ಹೊಲದ ಅಕ್ಕಡಿ ಸಾಲಿನಲ್ಲೋ ಹೊಲದಂಚಿನಲ್ಲೋ ಬೆಳೆದು ಬಂದವು. ಕಡಲೆಕಾಯಿಗೆ ಮಾತ್ರ ಬಹುಮಟ್ಟಿಗೆ ಪ್ರತ್ಯೇಕ ಹೊಲ. ಈ ಟಿಪ್ಪಣಿ ಪ್ರತಿಪಾದಿಸುವುದು ಇಷ್ಟು: ಇಂಥ ಸೀಮೆಯಲ್ಲಿ ಎಣ್ಣೆಕಾಳಿನ ಪೂರೈಕೆ ಇಳಿದಿರುವುದು ಬಹುಶಃ ನಿಜ; ಆದರೆ ಎಷ್ಟು ಇಳಿದಿದೆ ಎಂಬುದನ್ನು ಪ್ರಕಟಿತ ಕ್ಷೇತ್ರಾಂಕಿಗಳಿಂದ ನೇರವಾಗಿ ಓದುವುದು ಸಾಧುವಲ್ಲ.

2. ಲೆಕ್ಕದ ಸೂತ್ರ

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ತನ್ನ ಆಹಾರ ಸಮತೋಲನ ಪಟ್ಟಿಗಳಲ್ಲಿ ದೇಶೀಯ ಪೂರೈಕೆಯನ್ನು ಲೆಕ್ಕ ಹಾಕುವ ಕ್ರಮ: ಉತ್ಪಾದನೆ, ಅದಕ್ಕೆ ಆಮದು ಕೂಡಿ, ರಫ್ತು ಕಳೆದು, ದಾಸ್ತಾನಿನ ಏರಿಳಿತವನ್ನು ಸರಿಹೊಂದಿಸಿದ ಮೊತ್ತ. ಸುಂಕದ ಗಡಿಯಿರುವ ಚಿಕ್ಕ ದೇಶಕ್ಕೂ ಇದು ಹೊಂದುತ್ತದೆ. ಹೋಬಳಿಗೆ ಗಡಿಯಿಲ್ಲ. ಸಂತೆಗೆ ಹೋದ ಕಾಳು, ಅಂಗಡಿಗೆ ಬಂದ ಪ್ಯಾಕೆಟ್ ಎಣ್ಣೆ ಯಾವ ಠಾಣೆಯಲ್ಲೂ ನಮೂದಾಗುವುದಿಲ್ಲ. ಆದ್ದರಿಂದ ಸೂತ್ರದ ನಾಲ್ಕು ಅಂಶಗಳಲ್ಲಿ ಇಲ್ಲಿ ಪರಿಶೀಲನೆಗೆ ಸಿಗುವುದು ಮೊದಲನೆಯದಾದ ಉತ್ಪಾದನೆ ಮಾತ್ರ, ಅದೂ ಭಾಗಶಃ.

3. 19ನೆಯ ಶತಮಾನದ ಆಕರಗಳು

ಫ್ರಾನ್ಸಿಸ್ ಬುಕನನ್ 1800ರಲ್ಲಿ ದೊಡ್ಡಬಳ್ಳಾಪುರ ಸೀಮೆಯನ್ನು ಹಾದುಹೋದ. ಅವನ ವರದಿ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಬೆಂಗಳೂರು ಸುತ್ತಿನ ವಿವರಣೆಯಲ್ಲಿ ಎಳ್ಳು, ಹುಚ್ಚೆಳ್ಳು, ಹರಳು ಬೇರೆಬೇರೆಯಾಗಿ ಬರುತ್ತವೆ. ಈ ವಿವೇಚನೆ ಮುಖ್ಯ; ಏಕೆಂದರೆ ನಂತರದ ಕೆಲವು ಪಟ್ಟಿಗಳಲ್ಲಿ ‘ಎಣ್ಣೆಕಾಳುಗಳು’ ಎಂಬ ಒಂದೇ ತಲೆಬರಹದಡಿ ಇವು ಬೆರೆತುಹೋಗಿವೆ. ಬೀಜದ ಪ್ರಮಾಣದಿಂದ ನೆಲವನ್ನು ಅಳೆಯುವ ಖಂಡುಗ, ಕೊಳಗಗಳನ್ನು ಎಕರೆಗೆ ಪರಿವರ್ತಿಸುವಾಗಲೂ ಎಚ್ಚರ ಬೇಕು: ಖುಷ್ಕಿಯ ಖಂಡುಗವೂ ತರಿಯ ಖಂಡುಗವೂ ಒಂದೇ ವಿಸ್ತೀರ್ಣವಲ್ಲ.

ಬಿ. ಎಲ್. ರೈಸ್ ಮೈಸೂರು ಗೆಜೆಟಿಯರಿನಲ್ಲಿ (ಪರಿಷ್ಕೃತ ಆವೃತ್ತಿ 1897) ಗಾಣಿಗರ ಒಳಪಂಗಡಗಳನ್ನು ಗಾಣದ ಬಗೆಯ ಮೇಲೆ ಗುರುತಿಸುತ್ತಾನೆ: ಹೆಗ್ಗಾಣಿಗ, ಕಿರುಗಾಣಿಗ, ಒಂಟೆತ್ತುಗಾಣಿಗ. ಕಲ್ಲುಗಾಣ, ಮರದ ಗಾಣಗಳಲ್ಲಿ ಹಿಂಡಿಯಲ್ಲಿ ಉಳಿಯುವ ಎಣ್ಣೆಯ ಅಂಶ ಒಂದೇ ಆಗಿರಲಾರದು. ಹಾಗಾಗಿ ಆ ಕಾಲದ ಕಾಳನ್ನು ಈಗಿನ ಎಕ್ಸ್‌ಪೆಲ್ಲರಿನ ಇಳುವರಿಯಿಂದ ಗುಣಿಸಿ ‘ಅಂದಿನ ಎಣ್ಣೆ’ಯನ್ನು ಪಡೆಯಲಾಗದು.

4. ಅಕ್ಕಡಿ ಸಾಲಿನ ನಮೂದು

ಮುಖ್ಯ ತೊಡಕು ಇಲ್ಲಿದೆ. ಪಹಣಿಯಲ್ಲಿ ಮಿಶ್ರಬೆಳೆಯನ್ನು ನಮೂದಿಸಲು ಅವಕಾಶವಿದೆ. ಆದರೂ ರಾಗಿ ಹೊಲ ರಾಗಿಯೆಂದೇ ದಾಖಲಾಗುವ ಸಂಭವ ಹೆಚ್ಚು. ಇದರ ಪರಿಣಾಮದ ಪ್ರಮಾಣವನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಸಾಲುಗಳ ನಡುವಿನ ಅಂತರ ಒಂದೇ ಎಂದು ಭಾವಿಸಿದರೆ, 8 ಸಾಲು ರಾಗಿಗೆ 1 ಅಕ್ಕಡಿ ಸಾಲಿರುವ 100 ಹೆಕ್ಟೇರಿನಲ್ಲಿ ಅಕ್ಕಡಿಯ ಪಾಲು 11.1 ಹೆಕ್ಟೇರು, 10 ಸಾಲಿಗೆ 1 ಆದರೆ 9.1. ಅಕ್ಕಡಿಯಲ್ಲಿ ಹುಚ್ಚೆಳ್ಳೊಂದೇ ಇರುವುದು ವಿರಳ. ಅವರೆ, ತೊಗರಿ, ಜೋಳಗಳೊಡನೆ ಅದು ಕಾಲು ಭಾಗವಷ್ಟೇ ಇದ್ದರೆ ಕ್ರಮವಾಗಿ 2.8 ಮತ್ತು 2.3 ಹೆಕ್ಟೇರು. ಅಂದರೆ ಒಂದೇ ನೂರು ಹೆಕ್ಟೇರಿಗೆ ಹುಚ್ಚೆಳ್ಳಿನ ಕ್ಷೇತ್ರ 2.3ರಿಂದ 11.1ರವರೆಗೆ, ಸುಮಾರು ಐದು ಪಟ್ಟು ಅಂತರದಲ್ಲಿ, ಎಲ್ಲಿಯಾದರೂ ಇರಬಹುದು. ಮುಖ್ಯ ಬೆಳೆಯೊಂದನ್ನೇ ಬರೆದ ದಾಖಲೆಯಲ್ಲಿ ಅದು ಸೊನ್ನೆ.

ಈ ಲೋಪ ಎಲ್ಲ ವರ್ಷವೂ ಒಂದೇ ಪ್ರಮಾಣದಲ್ಲಿದ್ದರೆ ಒಟ್ಟು ಕ್ಷೇತ್ರ ತಪ್ಪಾದರೂ ಏರಿಳಿತದ ದಿಕ್ಕು ಸರಿಯಿರುತ್ತದೆ. ಬೆಳೆಯುವ ಕ್ರಮವೂ ಬರೆಯುವ ಕ್ರಮವೂ ಒಟ್ಟಿಗೆ ಬದಲಾದಾಗ ದಿಕ್ಕೂ ಸಂದೇಹಾಸ್ಪದವಾಗುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಖುಷ್ಕಿಗೆ ಶಿಫಾರಸು ಮಾಡಿದ ರಾಗಿ–ತೊಗರಿ 8:2 ಪದ್ಧತಿಯಲ್ಲಿ ಅಕ್ಕಡಿಯ ಜಾಗವನ್ನು ಬೇಳೆಕಾಳು ಪಡೆಯುತ್ತದೆ. ಅಲ್ಲಿ ಹುಚ್ಚೆಳ್ಳು ಬಿಟ್ಟುಹೋದರೆ ಅದು ನಿಜವಾದ ನಷ್ಟ, ಆದರೆ ಹಿಂದೆಯೇ ಸೊನ್ನೆಯೆಂದು ಬರೆದ ದಾಖಲೆಯಲ್ಲಿ ಕಾಣದ ನಷ್ಟ. ಟ್ರ್ಯಾಕ್ಟರಿನ ಬಿತ್ತನೆ ಕೂರಿಗೆಯೂ ಬಗೆಬಗೆಯ ಬೀಜದ ಸಾಲಿಗೆ ಅನುಕೂಲಕರವಲ್ಲವೆಂದು ತೋರುತ್ತದೆ.

ಇನ್ನೊಂದು ಸಂಗತಿ. ಹುಚ್ಚೆಳ್ಳಿನ ಕಾಳಿನಲ್ಲಿ ಎಣ್ಣೆ ಸಾಮಾನ್ಯವಾಗಿ ಶೇ. 35ರಿಂದ 40. ಆದರೆ ಈ ಸೀಮೆಯ ಮನೆಗಳಲ್ಲಿ ಕಾಳಿನ ಒಂದು ಪಾಲು ಹುರಿದು ಚಟ್ನಿಪುಡಿಗೆ ಹೋಗುತ್ತದೆ, ಗಾಣಕ್ಕಲ್ಲ. ಬೆಳೆದುದೆಲ್ಲ ಎಣ್ಣೆಯಾಯಿತೆಂಬ ಊಹೆ ಎಣ್ಣೆಯ ಲೆಕ್ಕವನ್ನು ಉಬ್ಬಿಸುತ್ತದೆ. ಈ ಮನೆಬಳಕೆಗೆ ಪಟ್ಟಿಯಲ್ಲಿ ಪ್ರತ್ಯೇಕ ಕಾಲಂ ಇರಬೇಕೆಂಬುದು ಇಲ್ಲಿನ ಸ್ಪಷ್ಟ ಅಭಿಪ್ರಾಯ.

5. ಗಡಿ ಬದಲಾದ ವರ್ಷಗಳು

ಬೆಂಗಳೂರು ಜಿಲ್ಲೆ 1986ರಲ್ಲಿ ನಗರ, ಗ್ರಾಮಾಂತರ ಎಂದು ಎರಡಾಯಿತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಮಾಗಡಿ, ಕನಕಪುರ ಬೇರ್ಪಟ್ಟು, ಗ್ರಾಮಾಂತರದಲ್ಲಿ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಉಳಿದವು. ‘ಬೆಂಗಳೂರು ಗ್ರಾಮಾಂತರ’ ಎಂಬ ಹೆಸರಿನಡಿ 2006ರ ಅಂಕಿಯನ್ನೂ 2008ರದನ್ನೂ ಒಂದೇ ರೇಖೆಯಲ್ಲಿ ಜೋಡಿಸಿದರೆ ಕಾಣುವ ಕುಸಿತದ ದೊಡ್ಡ ಪಾಲು ಆಡಳಿತದ್ದು, ಕೃಷಿಯದಲ್ಲ. ತಾಲ್ಲೂಕುವಾರು ಅಂಕಿಗಳನ್ನು ಬಳಸಿದರೆ ಈ ದೋಷ ಬಹುಮಟ್ಟಿಗೆ ತಪ್ಪುತ್ತದೆ.

6. ಕಡಲೆಕಾಯಿ, ಸೂರ್ಯಕಾಂತಿ

ಭಾರತದ ಅಂಕಿಅಂಶಗಳಲ್ಲಿ ಕಡಲೆಕಾಯಿ ಸಿಪ್ಪೆಸಹಿತ ತೂಕ. ಆಹಾರ ಮತ್ತು ಕೃಷಿ ಸಂಸ್ಥೆಯ ಹಳೆಯ ಸಮತೋಲನ ಪಟ್ಟಿಯಲ್ಲಿ ಅದು ಸುಲಿದ ಬೀಜದ ಸಮಾನ ತೂಕ. ಸುಲಿತದ ಪ್ರಮಾಣ ಸುಮಾರು ಶೇ. 70 ಎಂದಿಟ್ಟುಕೊಂಡರೆ, ಇದನ್ನು ಗಮನಿಸದ ಹೋಲಿಕೆಯಲ್ಲಿ ಸುಮಾರು ಶೇ. 30ರ ಕೃತಕ ವ್ಯತ್ಯಾಸ ಹುಟ್ಟುತ್ತದೆ.

ಸೂರ್ಯಕಾಂತಿಯ ಮೊದಲ ಭಾರತೀಯ ಸಂಕರ ತಳಿ ಬಿಎಸ್‌ಎಚ್–1 ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯದಿಂದ 1980ರಲ್ಲಿ ಬಿಡುಗಡೆಯಾಯಿತು. ತಳಿ ಹುಟ್ಟಿದ್ದು ಇಲ್ಲಿಗೆ ಹತ್ತಿರವಾದರೂ ಬೆಳೆ ನೆಲೆಯೂರಿದ್ದು ಮುಖ್ಯವಾಗಿ ಉತ್ತರದ ಒಣ ಜಿಲ್ಲೆಗಳಲ್ಲಿ. ಹೋಬಳಿಯ ಲೆಕ್ಕದಲ್ಲಿ ಅದಕ್ಕೆ ದೊಡ್ಡ ಸ್ಥಾನ ಕೊಡಲು ಆಧಾರ ಸಾಲದು.

7. ರಾಷ್ಟ್ರೀಯ ರೇಖೆ

ಎಣ್ಣೆಕಾಳು ತಂತ್ರಜ್ಞಾನ ಮಿಷನ್ ಆರಂಭವಾದದ್ದು 1986ರಲ್ಲಿ. ದೇಶದ ಎಣ್ಣೆಕಾಳು ಉತ್ಪಾದನೆ 1985–86ರ ಸುಮಾರು 108 ಲಕ್ಷ ಟನ್ನಿನಿಂದ 1998–99ರಲ್ಲಿ ಸುಮಾರು 247 ಲಕ್ಷ ಟನ್ನಿಗೇರಿತು. ಈ ಏರಿಕೆಯಲ್ಲಿ ಸೋಯಾ ಮತ್ತು ಸಾಸಿವೆಯ ಪಾಲು ಹಿರಿದು, ಹುಚ್ಚೆಳ್ಳಿನದು ಅತ್ಯಲ್ಪ. ಪಾಮೋಲಿನ್ ಆಮದು 1994ರಲ್ಲಿ ಮುಕ್ತವಾಯಿತು. ಆ ಬಳಿಕ ಅಗ್ಗದ ಎಣ್ಣೆ ಹಳ್ಳಿಯಂಗಡಿ ತಲುಪಿದ್ದು ಅಕ್ಕಡಿಯ ಎಣ್ಣೆಕಾಳಿನ ಅಗತ್ಯವನ್ನು ತಗ್ಗಿಸಿರಬಹುದು. ಆದರೆ 1980ರ ದಶಕದಿಂದಲೇ ಈ ಸೀಮೆಯ ರಾಗಿ ಹೊಲಗಳಿಗೆ ನೀಲಗಿರಿ ನೆಡುತೋಪು ನುಗ್ಗಿತ್ತು. ರಾಗಿಯ ಹೊಲ ಹೋದರೆ ಅದರೊಳಗಿನ ಅಕ್ಕಡಿಯೂ ಹೋಗುತ್ತದೆ. ಎರಡು ಕಾರಣಗಳಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸುವುದಕ್ಕೆ ಕ್ಷೇತ್ರಾಂಕಿ ನೆರವಾಗುವುದಿಲ್ಲ.

8. 2018ರ ನಂತರ

ಮುಂಗಾರು 2018ರಿಂದ ರಾಜ್ಯದಲ್ಲಿ ಬೆಳೆ ಸಮೀಕ್ಷೆ ಮೊಬೈಲ್ ಆ್ಯಪ್ ಮೂಲಕ, ತಾಕುವಾರು ಛಾಯಾಚಿತ್ರದೊಡನೆ ನಡೆಯುತ್ತಿದೆ. ಮಿಶ್ರಬೆಳೆ ಇಲ್ಲಿ ಮೊದಲಿಗಿಂತ ಚೆನ್ನಾಗಿ ದಾಖಲಾದರೆ ಹುಚ್ಚೆಳ್ಳಿನ ಕ್ಷೇತ್ರ ಹೊಲದಲ್ಲಿ ಹೆಚ್ಚದೆಯೇ ಕಾಗದದಲ್ಲಿ ಹೆಚ್ಚೀತು. ಆದ್ದರಿಂದ 2017–18ರವರೆಗಿನ ಸರಣಿಯನ್ನೂ ನಂತರದ್ದನ್ನೂ ಪ್ರತ್ಯೇಕವಾಗಿಟ್ಟು, ರಾಗಿ ಎಂದು ನಮೂದಾದ ತಾಕುಗಳ ಛಾಯಾಚಿತ್ರಗಳಿಂದ ಮಾದರಿ ಆಯ್ದು ಅಕ್ಕಡಿ ಸಾಲುಗಳನ್ನು ಎಣಿಸುವುದು ಮುಂದಿನ ಕೆಲಸ. ಹುಚ್ಚೆಳ್ಳು ಹೂಬಿಟ್ಟಿರುವಾಗ ತೆಗೆದ ಚಿತ್ರಗಳೇ ಇದಕ್ಕೆ ಬೇಕು. ಬಿತ್ತನೆಯಾದ ಹೊಸತರಲ್ಲಿ ತೆಗೆದವು ಉಪಯೋಗಕ್ಕೆ ಬಾರವು.