ಪ್ಲಾಸ್ಮಾದಲ್ಲಿ ಹೃದಯದ ಸುಳಿವು

ಹೃದಯದ ಕೆಲಸ ರಕ್ತವನ್ನು ತಳ್ಳುವುದಷ್ಟೇ ಎಂದು ವೈದ್ಯಲೋಕ ಬಹುಕಾಲ ನಂಬಿತ್ತು. 1956ರಲ್ಲಿ ಬ್ರೂನೊ ಕಿಶ್ ಗಿನಿಯಿಲಿಯ ಹೃತ್ಕರ್ಣವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ನೋಡಿದಾಗ ಜೀವಕೋಶಗಳೊಳಗೆ ದಟ್ಟವಾದ ಕಣಗಳು ಕಂಡವು. ಹಾರ್ಮೋನು ಸುರಿಸುವ ಗ್ರಂಥಿಗಳಲ್ಲಿರುವಂಥ ಈ ಕಣಗಳಿಗೆ ಹೃದಯದಲ್ಲೇನು ಕೆಲಸ? ಉತ್ತರ ಸಿಕ್ಕಿದ್ದು 1981ರಲ್ಲಿ, ಕೆನಡಾದ ಕಿಂಗ್‌ಸ್ಟನ್‌ನಲ್ಲಿ. ಅಡಾಲ್ಫೊ ಡಿ ಬೋಲ್ಡ್ ಮತ್ತು ಸಂಗಡಿಗರು ಹೃತ್ಕರ್ಣದ ಸಾರವನ್ನು ಇಲಿಗಳಿಗೆ ಚುಚ್ಚಿದಾಗ, ಅವುಗಳ ಮೂತ್ರವೂ ಅದರಲ್ಲಿ ಹೊರಹೋಗುವ ಸೋಡಿಯಂ ಕೂಡ ಹಲವು ಪಟ್ಟು ಏರಿದವು. ಹೃತ್ಕುಕ್ಷಿಯ ಸಾರಕ್ಕೆ ಆ ಗುಣವಿರಲಿಲ್ಲ. ಈ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಪ್ರಯೋಗ ನಡೆದಿಲ್ಲವೆಂದೇ ನನ್ನ ಎಣಿಕೆ. ಹೃದಯವೂ ಹಾರ್ಮೋನು ಸುರಿಸುತ್ತದೆ ಎಂದು ತಿಳಿದ ಮೇಲಷ್ಟೇ ಅದನ್ನು ಅಳೆಯುವ ಯೋಚನೆ ಹುಟ್ಟಿತು.

1984ರಲ್ಲಿ ಜಪಾನಿನ ಕಂಗಾವಾ ಮತ್ತು ಮಾತ್ಸುವೊ ಹೃತ್ಕರ್ಣದ ಈ ಹಾರ್ಮೋನಿನ, ಅಂದರೆ ಎಎನ್‌ಪಿಯ, ಮನುಷ್ಯರಲ್ಲಿನ ರಚನೆಯನ್ನು ಬಿಡಿಸಿದರು. ಅದು 28 ಅಮೈನೊ ಆಮ್ಲಗಳ ಸರಪಳಿ. 1988ರಲ್ಲಿ ಹಂದಿಯ ಮಿದುಳಿನಲ್ಲಿ ಅದೇ ಬಗೆಯ ಇನ್ನೊಂದು ಹಾರ್ಮೋನು, ಬಿಎನ್‌ಪಿ, ದೊರೆಯಿತು. ಆದರೆ ರಕ್ತಕ್ಕೆ ಅದು ಬರುವುದು ಮುಖ್ಯವಾಗಿ ಹಿಗ್ಗಿ ಬಳಲಿದ ಹೃತ್ಕುಕ್ಷಿಯಿಂದ ಎಂಬುದು ಬೇಗನೆ ಗೊತ್ತಾಯಿತು.

ಅಳೆಯುವುದು ಮಾತ್ರ ಸುಲಭವಿರಲಿಲ್ಲ. ಒಂದು ಮಿಲಿಲೀಟರ್ ಪ್ಲಾಸ್ಮಾದಲ್ಲಿ ಇವು ಇರುವುದು ಪಿಕೋಗ್ರಾಂಗಳ ಲೆಕ್ಕದಲ್ಲಿ, ಅಂದರೆ ಗ್ರಾಮಿನ ಲಕ್ಷ ಕೋಟಿಯಲ್ಲೊಂದು ಪಾಲಿನ ಲೆಕ್ಕದಲ್ಲಿ. ಇನ್ಸುಲಿನ್ ಅಳೆಯಲು ರೋಸಲಿನ್ ಯಾಲೋ ಮತ್ತು ಸಾಲೊಮನ್ ಬರ್ಸನ್ ರೂಪಿಸಿದ್ದ, ವಿಕಿರಣಶೀಲ ಗುರುತಿನ ಪ್ರತಿಕಾಯ ಪರೀಕ್ಷೆಯೇ ಇಲ್ಲೂ ದಾರಿ ತೋರಿತು. ಮುಂದೆ ಹಾರ್ಮೋನನ್ನು ಎರಡು ಪ್ರತಿಕಾಯಗಳ ನಡುವೆ ಹಿಡಿಯುವ ವಿಧಾನ ಬಂದು, ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ನಿಮಿಷಗಳಿಗೆ ಇಳಿಯಿತು. ಬಿಎನ್‌ಪಿ ರಕ್ತದಲ್ಲಿ ಬೇಗ ಒಡೆಯುತ್ತದೆ. ಅದರ ಜೊತೆಗೇ ಬಿಡುಗಡೆಯಾಗುವ ಎನ್‌ಟಿ-ಪ್ರೊಬಿಎನ್‌ಪಿ ಹೆಚ್ಚು ಹೊತ್ತು ಉಳಿಯುವುದರಿಂದ ಅನೇಕ ಪ್ರಯೋಗಾಲಯಗಳು ಅದನ್ನೇ ನೆಚ್ಚುತ್ತವೆ.

2002ರಲ್ಲಿ ಅಲನ್ ಮೈಸೆಲ್ ತಂಡ ಏದುಸಿರಿನಿಂದ ತುರ್ತು ಚಿಕಿತ್ಸಾ ಘಟಕಕ್ಕೆ ಬಂದ 1,586 ಮಂದಿಯ ಅಧ್ಯಯನವನ್ನು ಪ್ರಕಟಿಸಿತು. ಬಿಎನ್‌ಪಿ ಮಿಲಿಲೀಟರಿಗೆ 100 ಪಿಕೋಗ್ರಾಂಗಿಂತ ಕೆಳಗಿದ್ದರೆ ಹೃದಯ ವೈಫಲ್ಯದ ಅನುಮಾನವನ್ನು ಬಹುಮಟ್ಟಿಗೆ ಬದಿಗಿಡಬಹುದೆಂದು ಅದು ತೋರಿಸಿತು. ಈ ಪರೀಕ್ಷೆಯ ನಿಜವಾದ ಬಲ ಇರುವುದು ರೋಗವಿಲ್ಲ ಎಂದು ಹೇಳುವುದರಲ್ಲಿ. ವಯಸ್ಸು, ಮೂತ್ರಪಿಂಡದ ಕಾಯಿಲೆ ಅಂಕಿಯನ್ನು ಏರಿಸುತ್ತವೆ, ಬೊಜ್ಜು ಇಳಿಸುತ್ತದೆ.

ಹೃದಯಾಘಾತದ ಪರೀಕ್ಷೆ ಸಾಗಿದ ಹಾದಿ ಬೇರೆ. 1954ರಿಂದ ಬಳಕೆಗೆ ಬಂದ ಎಸ್‌ಜಿಒಟಿ ಎಂಬ ಕಿಣ್ವ ಯಕೃತ್ತು ಕೆಟ್ಟರೂ ಏರುತ್ತಿತ್ತು. ಆಮೇಲೆ ಬಂದ ಸಿಕೆ-ಎಂಬಿ ಎಂಬ ಇನ್ನೊಂದು ಕಿಣ್ವದ ಪರೀಕ್ಷೆ ಇನ್ನಷ್ಟು ನಿಖರವಾಗಿತ್ತು. 1980ರ ದಶಕದ ಕೊನೆಗೆ ಹೃದಯ ಸ್ನಾಯುವಿನದೇ ಆದ ಟ್ರೊಪೊನಿನ್ ಎಂಬ ಪ್ರೋಟೀನಿನ ಅಳತೆ ಸಾಧ್ಯವಾಯಿತು. ಹೂಗೊ ಕಾಟುಸ್ ಅದರಲ್ಲಿ ಮುಂಚೂಣಿಯಲ್ಲಿದ್ದವರು. 2000ದಲ್ಲಿ ಹೃದಯಾಘಾತದ ವ್ಯಾಖ್ಯೆಯೇ ಟ್ರೊಪೊನಿನ್ ಸುತ್ತ ಮರುರೂಪ ಪಡೆಯಿತು. ಇಂದಿನ ಅತಿಸೂಕ್ಷ್ಮ ಪರೀಕ್ಷೆಗಳು ಆರೋಗ್ಯವಂತರ ರಕ್ತದಲ್ಲೂ ಅದನ್ನು ಗುರುತಿಸುತ್ತವೆ. ಹಾಗಾಗಿ ಒಂದೇ ಅಂಕಿ ಸಾಲದು. ಕೆಲ ಗಂಟೆಗಳಲ್ಲಿ ಅದು ಏರಿತೇ, ಇಳಿಯಿತೇ ಎಂದು ನೋಡಬೇಕು.

ಎದೆ ಹಿಂಡಿದಂತಾದರೆ ರಕ್ತಪರೀಕ್ಷೆಗೆಂದು ಲ್ಯಾಬಿಗೆ ಹೋಗಿ ವರದಿಗಾಗಿ ಕಾಯಬೇಡಿ. ಮೊದಲ ಗಂಟೆಗಳಲ್ಲಿ ಟ್ರೊಪೊನಿನ್ ಸಹಜ ಮಟ್ಟದಲ್ಲೇ ಇರಬಹುದು. ನೇರವಾಗಿ ಆಸ್ಪತ್ರೆಗೆ ಹೋಗಿ, ಮೊದಲು ಇಸಿಜಿ ಮಾಡಿಸಿಕೊಳ್ಳಿ.