ಅರ್ಧಚ್ಛೇದದಿಂದ ಲಘುಗಣಕದವರೆಗೆ

ಶೇಕಡ 20ರ ಚಕ್ರಬಡ್ಡಿಗೆ ಕೊಟ್ಟ ಸಾಲವು ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ? ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಪ್ರಾಚೀನ ಬ್ಯಾಬಿಲೋನಿಯದ ಜೇಡಿಮಣ್ಣಿನ ಫಲಕವೊಂದು ಈ ಪ್ರಶ್ನೆಯನ್ನು ಕೇಳುತ್ತದೆ. 1.2 ಅನ್ನು ಎಷ್ಟು ಸಲ ಗುಣಿಸಿದರೆ 2 ಬರುವುದು ಎಂಬುದೇ ಇಲ್ಲಿನ ಸಮಸ್ಯೆ. ಅಂದರೆ ಅವ್ಯಕ್ತವು ಘಾತಸೂಚಿಯ ಸ್ಥಾನದಲ್ಲಿ ಅಡಗಿದೆ. ಮೂರು ವರ್ಷಕ್ಕೆ 1.728, ನಾಲ್ಕಕ್ಕೆ 2.0736. ನಾಲ್ಕನೆಯ ವರ್ಷದ ಬೆಳವಣಿಗೆ ಸಮಪ್ರಮಾಣದ್ದೆಂದು ಭಾವಿಸಿ ಲಿಪಿಕಾರನು ಸುಮಾರು 3.787 ವರ್ಷವೆಂದು ಉತ್ತರಿಸಿದ. ಉತ್ತರ ಸಮೀಪದ್ದೇ, ಆದರೆ ಘಾತಸೂಚಿಯನ್ನು ನೇರವಾಗಿ ಹಿಡಿಯುವ ಉಪಾಯ ಅವನಲ್ಲಿರಲಿಲ್ಲ.

ಅಂತಹ ಉಪಾಯದ ಬೀಜವು ರಾಷ್ಟ್ರಕೂಟರ ಕಾಲದ ಜೈನಾಚಾರ್ಯ ವೀರಸೇನರ 'ಧವಲಾ' ಟೀಕೆಯಲ್ಲಿ ಕಾಣಸಿಗುತ್ತದೆ. ಕ್ರಿ.ಶ. 816ರ ಸುಮಾರಿಗೆ ಪೂರ್ಣಗೊಂಡ ಈ ಗ್ರಂಥದಲ್ಲಿ, ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧಿಸಬಹುದೋ ಅದು ಅದರ 'ಅರ್ಧಚ್ಛೇದ'. 32ರ ಅರ್ಧಚ್ಛೇದ 5, 8ರದು 3. ಅವುಗಳ ಗುಣಲಬ್ಧವಾದ 256ರದು 8. ಗುಣಾಕಾರವು ಸಂಕಲನವಾಗುತ್ತದೆ, ಘಾತವು ಗುಣಾಕಾರವಾಗುತ್ತದೆ ಎಂಬ ನಿಯಮಗಳನ್ನು ಆಚಾರ್ಯರು ಬಲ್ಲವರಾಗಿದ್ದರು. ಮೂರರಿಂದ ಭಾಗಿಸುವ ತ್ರಿಕಚ್ಛೇದ, ನಾಲ್ಕರಿಂದ ಭಾಗಿಸುವ ಚತುರ್ಥಚ್ಛೇದಗಳೂ ಅಲ್ಲಿವೆ. ಲೋಕದ ಅಳತೆಗೆ ಬೇಕಾದ ಮಹಾಸಂಖ್ಯೆಗಳನ್ನು ಹೋಲಿಸುವುದು ಅವರ ಉದ್ದೇಶವಾಗಿತ್ತು. ಎಲ್ಲ ಸಂಖ್ಯೆಗಳಿಗೂ ಒದಗುವ ಕೋಷ್ಟಕವನ್ನು ರಚಿಸುವುದಲ್ಲ.

ಆ ಕೆಲಸ ನಡೆದದ್ದು ಯುರೋಪಿನಲ್ಲಿ. ಸ್ಕಾಟ್ಲೆಂಡಿನ ಜಾನ್ ನೇಪಿಯರ್ 1614ರಲ್ಲಿ ಲಘುಗಣಕಗಳನ್ನು ಪ್ರಕಟಿಸಿದ. ಮರುವರ್ಷ ಲಂಡನ್ನಿನ ಹೆನ್ರಿ ಬ್ರಿಗ್ಸ್ ಎಡಿನ್‌ಬರೊಗೆ ಪಯಣಿಸಿ ಅವನನ್ನು ಕಂಡ; 10ರ ಆಧಾರದ ಪದ್ಧತಿ ಇವರಿಬ್ಬರ ಸಮಾಲೋಚನೆಯ ಫಲ. 1617ರಲ್ಲಿ ನೇಪಿಯರ್ ತೀರಿಕೊಂಡ ಬಳಿಕ ಬ್ರಿಗ್ಸ್ ಕಾರ್ಯವನ್ನು ಮುಂದುವರಿಸಿ, 1624ರಲ್ಲಿ 30,000 ಸಂಖ್ಯೆಗಳ ಲಘುಗಣಕಗಳನ್ನು 14 ದಶಮಾಂಶ ಸ್ಥಾನಗಳವರೆಗೆ ನೀಡಿದ.

ಈಗ ಹಳೆಯ ಪ್ರಶ್ನೆ ಒಂದೇ ಭಾಗಾಕಾರಕ್ಕೆ ಇಳಿಯುತ್ತದೆ. ಸಮೀಕರಣದ ಎರಡೂ ಬದಿಗೆ ಲಘುಗಣಕ ತೆಗೆದುಕೊಂಡರೆ ಘಾತಸೂಚಿ ಕೆಳಗಿಳಿದು ಗುಣಕವಾಗುತ್ತದೆ. 2ರ ಲಘುಗಣಕ 0.30103, 1.2ರದು 0.07918. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ 3.802 ವರ್ಷ. ಲಿಪಿಕಾರನ ಲೆಕ್ಕ ತಪ್ಪಿದ್ದು ಐದಾರು ದಿನಗಳಷ್ಟೇ!

ಧವಲಾದ ಕಥೆಯಾದರೋ ಬೇರೆ. ಕನ್ನಡ ಲಿಪಿಯ ಅದರ ಓಲೆಗರಿಗಳನ್ನು ಮೂಡುಬಿದಿರೆಯ ಬಸದಿಯು ಶತಮಾನಗಳ ಕಾಲ ಪೂಜ್ಯಭಾವದಿಂದ ಕಾಪಾಡಿತು. ಮುದ್ರಣ ಆರಂಭವಾದದ್ದು 1939ರಲ್ಲಿ. ಗಣಿತಜ್ಞರು ಅದನ್ನು ಓದುವ ಹೊತ್ತಿಗೆ ನೇಪಿಯರನ ಕೋಷ್ಟಕಕ್ಕೆ ಮುನ್ನೂರು ವರ್ಷ ಮೀರಿತ್ತು. ಓಲೆಗರಿ ಉಳಿದದ್ದು ರಕ್ಷಿಸಿದವರಿಂದ. ಅದರೊಳಗಿನ ಗಣಿತ ಮತ್ತೆ ಬೆಳಕು ಕಂಡದ್ದು ಓದಿದವರಿಂದ. ಪರಂಪರೆಗೆ ಈ ಇಬ್ಬರೂ ಬೇಕು.